ಬೆಕ್ಕು ಸೀನಿದರೆ ಶಕುನ ನೋಡಬೇಡಿ, ತಟ್ಟೆ ನೋಡಿ

ನಮ್ಮ ಕಡೆ ಮಗು ಸೀನಿದರೆ ಅಜ್ಜಿಯರು "ಚಿರಂಜೀವಿ" ಎನ್ನುತ್ತಾರೆ. ಹೊರಡುವ ಹೊತ್ತಿಗೆ ಒಂಟಿ ಸೀನು ಕೇಳಿಸಿದರೆ ಚಪ್ಪಲಿ ಕಳಚಿ ಒಳಗೆ ಬಂದು, ಒಂದು ಲೋಟ ನೀರು ಕುಡಿದು, ಮತ್ತೆ ಹೊರಡುವವರು ಈಗಲೂ ಇದ್ದಾರೆ. ಇಲ್ಲಿ ಜರ್ಮನಿಯಲ್ಲಿ ಟ್ರಾಮಿನಲ್ಲಿ ಸೀನಿದರೆ ಪಕ್ಕದಲ್ಲಿ ಕುಳಿತ ಅಪರಿಚಿತರೂ "ಗೆಝುಂಟ್‌ಹೈಟ್" ಎಂದು ಆರೋಗ್ಯ ಹಾರೈಸುತ್ತಾರೆ. ಆದರೆ ಸೋಫಾದ ಮೇಲೆ ಮಲಗಿದ್ದ ಬೆಕ್ಕು ಎದ್ದು ನಾಲ್ಕು ಸಲ "ಫುಸ್, ಫುಸ್" ಎಂದು ಸೀನಿದರೆ ಏನು ಹೇಳಬೇಕು, ಅದಕ್ಕಿಂತ ಮುಖ್ಯವಾಗಿ ಏನು ಮಾಡಬೇಕು ಎಂಬುದು ನಮ್ಮಲ್ಲಿ ಬಹಳ ಜನರಿಗೆ ತಿಳಿಯದು.

ಇದಕ್ಕೆ ಕಾರಣವೂ ಇದೆ. ಊರಿನಲ್ಲಿ ಬೆಕ್ಕು ಎಂದರೆ ಅಟ್ಟದ ಮೇಲಿನ ಇಲಿ ಹಿಡಿಯಲು ಇದ್ದ ಪ್ರಾಣಿ. ಹಾಲು ಕರೆಯುವ ಹೊತ್ತಿಗೆ ಬರುತ್ತಿತ್ತು, ಉಂಡು ಹೋಗುತ್ತಿತ್ತು. ಅದರ ಸೀನನ್ನು ಎಣಿಸುವ ಪುರಸೊತ್ತು ಯಾರಿಗೂ ಇರಲಿಲ್ಲ. ಇಲ್ಲಿ ಡಾರ್ಮ್‌ಸ್ಟಾಟ್‌ನ ಮೂರನೆಯ ಮಹಡಿಯ ಫ್ಲಾಟಿನಲ್ಲಿ ಬೆಕ್ಕು ಮನೆಯ ಮಗುವಿಗೆ ಸಮ. ಮಕ್ಕಳ ಹಠಕ್ಕೆ ಬಂದದ್ದು ಅಪ್ಪನ ಮಡಿಲಲ್ಲಿ ಮಲಗುವುದೂ ಉಂಟು. ಅದು ಸೀನಿತೆಂದರೆ ಒಬ್ಬರು ಗಾಬರಿಯಾಗಿ ರಾತ್ರಿಯೇ ಆಸ್ಪತ್ರೆಗೆ ಓಡೋಣ ಎನ್ನುತ್ತಾರೆ. ಇನ್ನೊಬ್ಬರು "ಶೀತ ತಾನೇ, ಬಿಡು" ಎನ್ನುತ್ತಾರೆ. ಮೂರನೆಯವರು ಊರಿನಿಂದ ತಂದ ಔಷಧದ ಡಬ್ಬಿ ತೆರೆಯುತ್ತಾರೆ. ಈ ಮೂವರಲ್ಲಿ ನಮಗೆ ನಿಜವಾಗಿ ಭಯ ಹುಟ್ಟಿಸುವವರು ಮೂರನೆಯವರು. ಅದೇಕೆ ಎಂಬುದನ್ನು ಮುಂದೆ ಹೇಳುತ್ತೇವೆ.

ಮೊದಲಿಗೆ ಒಂದು ಮಾತನ್ನು ನೆನಪಿನಲ್ಲಿಡಿ. ಸೀನಿನ ಸಂಖ್ಯೆಯಿಂದ ಕಾಯಿಲೆಯ ತೂಕವನ್ನು ಅಳೆಯಲಾಗದು. ಹತ್ತು ಸಲ ಸೀನಿ ತಟ್ಟೆಯನ್ನು ನೆಕ್ಕಿ ಖಾಲಿ ಮಾಡುವ ಬೆಕ್ಕಿಗಿಂತ, ಎರಡೇ ಸಲ ಸೀನಿ ತಟ್ಟೆಯನ್ನು ಮೂಸಿ ತಿರುಗಿ ಹೋಗುವ ಬೆಕ್ಕು ಹೆಚ್ಚು ಅಪಾಯದಲ್ಲಿರುತ್ತದೆ.

ಸೀನು ಏಕೆ ಬರುತ್ತದೆ?

ಮೂಗಿನ ಒಳಪೊರೆಗೆ ಏನಾದರೂ ಕಿರಿಕಿರಿ ಮಾಡಿದರೆ ಮುಖದ ನರವೊಂದು ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ. ಮಿದುಳು ಎದೆಯ ಸ್ನಾಯುಗಳಿಗೆ ಆಜ್ಞೆ ಕೊಟ್ಟು ಗಾಳಿಯನ್ನು ರಭಸದಿಂದ ಹೊರಕ್ಕೆ ತಳ್ಳಿಸುತ್ತದೆ. ಮನುಷ್ಯರಲ್ಲೂ ಬೆಕ್ಕಿನಲ್ಲೂ ಕೆಲಸ ಒಂದೇ, ಮೂಗನ್ನು ಗುಡಿಸುವುದು. ಆದ್ದರಿಂದ ಆಗೊಂದು ಈಗೊಂದು ಸೀನು ಕಾಯಿಲೆಯಲ್ಲ.

ಬೆಕ್ಕಿನ ಮೂಗು ನಮ್ಮದಕ್ಕಿಂತ ಬಹಳ ಚುರುಕು, ಮತ್ತು ಅದು ನೆಲಕ್ಕೆ ಹತ್ತಿರ ಇರುತ್ತದೆ. ನಮ್ಮ ಮನೆಗಳನ್ನು ಒಮ್ಮೆ ಅದರ ಎತ್ತರದಿಂದ ನೋಡೋಣ. ಬೆಳಿಗ್ಗೆ ದೇವರ ಮುಂದೆ ಊದಿನಕಡ್ಡಿ, ಶುಕ್ರವಾರ ಸಾಂಬ್ರಾಣಿ, ಮಧ್ಯಾಹ್ನ ಒಣಮೆಣಸಿನಕಾಯಿಯ ಒಗ್ಗರಣೆ. ಊರಿನ ಮನೆಯಲ್ಲಿ ಈ ಹೊಗೆ ಹೆಂಚಿನ ಸಂದಿಯಿಂದ ಹೊರಹೋಗುತ್ತಿತ್ತು. ಇಲ್ಲಿ ನವೆಂಬರಿನಿಂದ ಮಾರ್ಚಿನವರೆಗೆ ಎರಡು ಪದರದ ಗಾಜಿನ ಕಿಟಕಿ ಭದ್ರವಾಗಿ ಮುಚ್ಚಿರುತ್ತದೆ, ಹೈಟ್‌ಸುಂಗ್ ಉರಿದು ಕೋಣೆಯ ಗಾಳಿ ಒಣಗಿರುತ್ತದೆ. ಒಗ್ಗರಣೆಯ ಘಾಟಿಗೆ ನಾವೇ ಕೆಮ್ಮುವಾಗ ಬೆಕ್ಕು ಸೀನುವುದರಲ್ಲಿ ಆಶ್ಚರ್ಯವೇನು? ಇದರ ಜೊತೆಗೆ ಸೆಂಟು, ನೆಲ ಒರೆಸುವ ದ್ರಾವಣ, ಸಿಗರೇಟು, ಮತ್ತು ಬೆಕ್ಕಿನ ಮಲದ ಪೆಟ್ಟಿಗೆಗೆ ಹಾಕುವ ಅಗ್ಗದ ಮರಳಿನ ಧೂಳು. ಈ ಕೊನೆಯದನ್ನು ಬಹಳ ಜನ ಗಮನಿಸುವುದಿಲ್ಲ. ಬೆಕ್ಕು ಪೆಟ್ಟಿಗೆಯಲ್ಲಿ ಕೆರೆದು ಹೊರಬಂದ ಕೂಡಲೇ ಸೀನುತ್ತಿದ್ದರೆ ಮರಳನ್ನು ಬದಲಿಸಿ ನೋಡಿ.

ಇಂಥ ಸೀನನ್ನು ಗುರುತಿಸುವುದು ಸುಲಭ. ಹೊಗೆ, ಧೂಳು ಇದ್ದಾಗ ಬರುತ್ತದೆ, ಇಲ್ಲದಾಗ ನಿಲ್ಲುತ್ತದೆ. ಮೂಗಿನಿಂದ ನೀರು ಬಂದರೂ ಅದು ತಿಳಿಯಾಗಿರುತ್ತದೆ. ಕಣ್ಣು ಸ್ವಚ್ಛ, ಊಟ ಎಂದಿನಂತೆ, ಆಟ ಎಂದಿನಂತೆ. ಪೂಜೆಯನ್ನು ನಿಲ್ಲಿಸಬೇಕಾಗಿಲ್ಲ. ಊದಿನಕಡ್ಡಿ ಉರಿಯುವಾಗ ಬೆಕ್ಕನ್ನು ಬೇರೆ ಕೋಣೆಯಲ್ಲಿಟ್ಟು, ಆಮೇಲೆ ಹತ್ತು ನಿಮಿಷ ಕಿಟಕಿ ತೆರೆದರೆ ಸಾಕು. ಹೂವಿನ ಪರಾಗದ ಅಲರ್ಜಿ ಇರುವ ಮನುಷ್ಯರು ವಸಂತದಲ್ಲಿ ಸೀನುವುದನ್ನು ನೋಡಿ ಬೆಕ್ಕಿಗೂ ಅದೇ ಎಂದುಕೊಳ್ಳುವುದುಂಟು. ಬೆಕ್ಕುಗಳಲ್ಲಿ ಅಲರ್ಜಿ ಹೆಚ್ಚಾಗಿ ಚರ್ಮದ ತುರಿಕೆಯಾಗಿ ಕಾಣಿಸಿಕೊಳ್ಳುತ್ತದೆ, ಮೂಗಿನಲ್ಲಿ ಅಷ್ಟಾಗಿ ಅಲ್ಲ.

ನಿಜವಾದ ನೆಗಡಿ

ಪದೇಪದೇ ಸೀನುವ ಬೆಕ್ಕುಗಳಲ್ಲಿ ಬಹುಪಾಲಿಗೆ ಕಾರಣ ಸೋಂಕು. ಜರ್ಮನರು ಇದನ್ನು "ಕಾಟ್ಸೆನ್‌ಶ್ನುಪ್ಫೆನ್", ಅಂದರೆ ಬೆಕ್ಕಿನ ನೆಗಡಿ ಎನ್ನುತ್ತಾರೆ. ಹೆಸರು ಕೇಳಲು ಹಗುರವಾಗಿದೆ, ಕಾಯಿಲೆ ಅಷ್ಟು ಹಗುರವಲ್ಲ. ಮುಖ್ಯ ಅಪರಾಧಿಗಳು ಎರಡು ವೈರಸ್ಸುಗಳು. ಒಂದು ಕ್ಯಾಲಿಸಿವೈರಸ್, 1957ರಲ್ಲಿ ನ್ಯೂಜಿಲೆಂಡಿನಲ್ಲಿ ಬೇರ್ಪಡಿಸಲಾಯಿತು. ಇನ್ನೊಂದು ಬೆಕ್ಕಿನ ಹರ್ಪಿಸ್ ವೈರಸ್, ಮರುವರ್ಷ 1958ರಲ್ಲಿ ಅಮೆರಿಕದಲ್ಲಿ ಪತ್ತೆಯಾಯಿತು. ಇವುಗಳ ಬೆನ್ನಿಗೆ ಕ್ಲಾಮಿಡಿಯ, ಬೋರ್ಡೆಟೆಲ್ಲ ಮುಂತಾದ ಬ್ಯಾಕ್ಟೀರಿಯಗಳೂ ಸೇರಿಕೊಳ್ಳುತ್ತವೆ.

ಹರ್ಪಿಸ್ ಬಂದರೆ ಸೀನು ಜೋರು, ಕಣ್ಣು ಕೆಂಪಾಗಿ ನೀರು ಸುರಿಯುತ್ತದೆ, ಕೆಲವೊಮ್ಮೆ ಕಣ್ಣಿನ ಪಾರದರ್ಶಕ ಪೊರೆಯಲ್ಲೇ ಹುಣ್ಣಾಗುತ್ತದೆ. ಕ್ಯಾಲಿಸಿ ಬಂದರೆ ನಾಲಿಗೆಯ ಮೇಲೆ ಹುಣ್ಣು, ಜೊಲ್ಲು, ಕೆಲವು ಮರಿಗಳಲ್ಲಿ ಒಂದೆರಡು ದಿನ ಕುಂಟು. ಸೋಂಕು ತಗುಲಿದ ಎರಡು ದಿನದಿಂದ ಹಿಡಿದು ವಾರದೊಳಗೆ ಲಕ್ಷಣಗಳು ಸಾಮಾನ್ಯವಾಗಿ ತೋರುತ್ತವೆ. ಸಾಧಾರಣ ಪ್ರಕರಣ ಏಳರಿಂದ ಹತ್ತು ದಿನದಲ್ಲಿ ಇಳಿಯುತ್ತದೆ. ಲಸಿಕೆ ಹಾಕಿಸದ ಮರಿಗಳಿಗೆ, ಮುದಿ ಬೆಕ್ಕುಗಳಿಗೆ, ಬೇರೆ ಕಾಯಿಲೆಯಿಂದ ಸೊರಗಿದವಕ್ಕೆ ಇದು ನ್ಯುಮೋನಿಯಕ್ಕೆ ತಿರುಗಬಹುದು. ಪದೇಪದೇ ನೆಗಡಿಯಾಗುವ ಬೆಕ್ಕಿಗೆ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಬೆಕ್ಕಿನ ಲ್ಯುಕೀಮಿಯ ವೈರಸ್ ಮುಂತಾದವು ಇವೆಯೇ ಎಂದು ವೈದ್ಯರು ರಕ್ತ ಪರೀಕ್ಷೆ ಮಾಡುವುದೂ ಇದಕ್ಕಾಗಿಯೇ.

ಮಕ್ಕಳಿರುವ ಮನೆಯವರು ಕೂಡಲೇ ಕೇಳುವ ಪ್ರಶ್ನೆ, "ಇದು ನಮಗೆ ಅಂಟುತ್ತದೆಯೇ?" ಈ ಎರಡು ವೈರಸ್ಸುಗಳು ಮನುಷ್ಯರಿಗೆ ಅಂಟುವುದಿಲ್ಲ. ನಮ್ಮ ಮಾಮೂಲು ನೆಗಡಿಯೂ ಬೆಕ್ಕಿಗೆ ಹೋಗುವುದಿಲ್ಲ. ಕೋವಿಡ್ ಮಾತ್ರ ಮನುಷ್ಯರಿಂದ ಬೆಕ್ಕಿಗೆ ದಾಟಿದ್ದು 2020ರಿಂದ ತಿಳಿದಿದೆ. ಮೇಲೆ ಹೇಳಿದ ಬ್ಯಾಕ್ಟೀರಿಯಗಳು ತೀರ ಅಪರೂಪಕ್ಕೆ, ಅದೂ ರೋಗನಿರೋಧಕ ಶಕ್ತಿ ಕುಂದಿದವರಿಗೆ, ತಗುಲಬಹುದು. ಕೈ ತೊಳೆದುಕೊಳ್ಳುವ ಅಭ್ಯಾಸ ಇದ್ದರೆ ಅಂಜಬೇಕಾಗಿಲ್ಲ. ಆದರೆ ಬೆಕ್ಕಿನಿಂದ ಬೆಕ್ಕಿಗೆ ಬೇಗ ಹರಡುತ್ತದೆ. ಸೀನಿದ ಹನಿ ಒಂದೆರಡು ಮೀಟರ್ ಹಾರುತ್ತದೆ. ಕ್ಯಾಲಿಸಿವೈರಸ್ ತಟ್ಟೆ, ಬಟ್ಟೆ, ನೆಲದ ಮೇಲೆ ವಾರಗಟ್ಟಲೆ ಜೀವ ಹಿಡಿದಿರಬಲ್ಲದು. ಮನೆಯಲ್ಲಿ ಎರಡು ಬೆಕ್ಕುಗಳಿದ್ದರೆ ಕಾಯಿಲೆಯದನ್ನು ಬೇರೆ ಕೋಣೆಯಲ್ಲಿ, ಬೇರೆ ತಟ್ಟೆ, ಬೇರೆ ಮರಳಿನ ಪೆಟ್ಟಿಗೆಯೊಂದಿಗೆ ಇಡಬೇಕು.

ಒಂದೇ ಹೊಳ್ಳೆಯ ಕಥೆ

ನೆಗಡಿಯಲ್ಲಿ ಸಾಮಾನ್ಯವಾಗಿ ಎರಡೂ ಹೊಳ್ಳೆಗಳು ಸೋರುತ್ತವೆ. ಒಂದೇ ಹೊಳ್ಳೆಯಿಂದ ಸಿಂಬಳ ಅಥವಾ ರಕ್ತ ಬರುತ್ತಿದ್ದರೆ ಕಾರಣ ಬೇರೆ ಇರಬಹುದು.

ಹೊರಗೆ ತಿರುಗಾಡುವ ಬೆಕ್ಕುಗಳಿಗೆ ಬೇಸಿಗೆಯ ಹುಲ್ಲು ಒಂದು ಕಂಟಕ. ಓಬರ್‌ಫೆಲ್ಡ್ ಕಡೆ ಹುಲ್ಲು, ಗೋಧಿ ತೆನೆ ಬಲಿತಾಗ ಅದರ ಮುಳ್ಳುಗೂದಲು ಮೂಗಿನೊಳಗೆ ಹೋದರೆ ಹಿಂದಕ್ಕೆ ಬರುವುದಿಲ್ಲ. ಬೆಕ್ಕು ತಿಂದ ಹುಲ್ಲಿನ ಎಸಳು ವಾಂತಿಯ ಹೊತ್ತಿಗೆ ಅಂಗುಳಿನ ಹಿಂದಿನಿಂದ ಮೂಗಿಗೆ ಏರಿ ಸಿಕ್ಕಿಕೊಳ್ಳುವುದೂ ಉಂಟು. ಚೆನ್ನಾಗಿದ್ದ ಬೆಕ್ಕು ಇದ್ದಕ್ಕಿದ್ದಂತೆ ಬಿಡದೆ ಸೀನತೊಡಗಿ, ಪಂಜದಿಂದ ಮೂಗನ್ನು ಒರೆಸಿಕೊಳ್ಳುತ್ತಿದ್ದರೆ ಇದನ್ನು ಶಂಕಿಸಬೇಕು. ಚಿಮಟ ಹಿಡಿದು ನೀವೇ ತೆಗೆಯಲು ಹೋಗಬಾರದು. ವೈದ್ಯರು ಅರಿವಳಿಕೆ ಕೊಟ್ಟು ತೆಗೆಯುತ್ತಾರೆ.

ಎರಡನೆಯದು ಹಲ್ಲು. ಮೇಲಿನ ಕೋರೆಹಲ್ಲಿನ ಬೇರು ಮೂಗಿನ ಗೋಡೆಗೆ ಅಂಟಿಕೊಂಡೇ ಇರುತ್ತದೆ. ಅಲ್ಲಿ ಕೀವಾದರೆ ಸೀನು ಬರುತ್ತದೆ, ಬಾಯಿ ನಾರುತ್ತದೆ. ಎಳೆಯ ಬೆಕ್ಕು ಉಸಿರಾಡುವಾಗ ಗೊರಗೊರ ಸದ್ದು ಮಾಡುತ್ತಿದ್ದರೆ ಮೂಗಿನ ಹಿಂದೆ ಬೆಳೆದ ಗಂಟು ಇರಬಹುದು. ವಯಸ್ಸಾದ ಬೆಕ್ಕಿನಲ್ಲಿ ವಾರಗಟ್ಟಲೆ ಒಂದೇ ಕಡೆ ರಕ್ತಮಿಶ್ರಿತ ಸಿಂಬಳ ಬಂದು, ಮುಖದ ಆಕಾರ ಬದಲಾದಂತೆ ಕಂಡರೆ ಗೆಡ್ಡೆಯ ಸಂದೇಹ ಬರುತ್ತದೆ. ಪರ್ಷಿಯನ್ ಮುಂತಾದ ಚಪ್ಪಟೆ ಮೂಗಿನ ಜಾತಿಗಳು ಹುಟ್ಟಿನಿಂದಲೇ ಇಕ್ಕಟ್ಟಾದ ಮೂಗಿನವು, ಅವಕ್ಕೆ ಸಣ್ಣ ನೆಗಡಿಯೂ ದೊಡ್ಡ ಕಷ್ಟ.

ಇನ್ನೊಂದು ಗೊಂದಲವೂ ಇದೆ. ಬೆಕ್ಕು ನೆಲಕ್ಕೆ ಕುಕ್ಕರಿಸಿ, ಕತ್ತು ಮುಂದೆ ಚಾಚಿ, ಎದೆಯಿಂದ "ಖೆಹ್ ಖೆಹ್" ಎನ್ನುತ್ತಿದ್ದರೆ ಅದು ಸೀನಲ್ಲ, ಕೆಮ್ಮು. ಗಂಟಲಲ್ಲಿ ಕೂದಲ ಉಂಡೆ ಸಿಕ್ಕಿದೆ ಎಂದು ಸುಮ್ಮನಿರುವವರೇ ಹೆಚ್ಚು. ಅದು ಆಸ್ತಮಾ ಇರಬಹುದು. ಹೇಳಿ ವಿವರಿಸುವುದಕ್ಕಿಂತ ಫೋನಿನಲ್ಲಿ ವೀಡಿಯೊ ತೆಗೆದು ವೈದ್ಯರಿಗೆ ತೋರಿಸುವುದು ಲೇಸು. ವೈದ್ಯರ ಮೇಜಿನ ಮೇಲೆ ಬೆಕ್ಕು ಸೀನುವುದೂ ಇಲ್ಲ, ಕೆಮ್ಮುವುದೂ ಇಲ್ಲ.

ತಟ್ಟೆ ಏಕೆ ಮುಖ್ಯ?

ಬೆಕ್ಕು ಮೂಗಿನಿಂದ ಉಣ್ಣುವ ಪ್ರಾಣಿ. ವಾಸನೆ ಹತ್ತದಿದ್ದರೆ ಎದುರಿಗೆ ಮೀನಿಟ್ಟರೂ ಅದಕ್ಕೆ ಊಟ ಎಂದು ಅನ್ನಿಸುವುದಿಲ್ಲ. ಮೂಗು ಕಟ್ಟಿತು, ವಾಸನೆ ಹೋಯಿತು, ಊಟ ನಿಂತಿತು. ನಾವು ಏಕಾದಶಿಗೆ ಉಪವಾಸ ಮಾಡುತ್ತೇವೆ, ನಾಯಿಯೂ ಎರಡು ದಿನ ಹಸಿವು ತಡೆದೀತು. ಬೆಕ್ಕಿನ ದೇಹ ಅಂಥದ್ದಲ್ಲ. ಕೆಲವೇ ದಿನ ಊಟ ಬಿಟ್ಟರೆ ಮೈಯ ಕೊಬ್ಬೆಲ್ಲ ಕರಗಿ ಪಿತ್ತಜನಕಾಂಗಕ್ಕೆ ಬಂದು ತುಂಬಿಕೊಳ್ಳುತ್ತದೆ, ಪಿತ್ತಜನಕಾಂಗ ಕೈಕೊಡುತ್ತದೆ. ದಪ್ಪ ಬೆಕ್ಕುಗಳಿಗೆ ಈ ಅಪಾಯ ಇನ್ನೂ ಹೆಚ್ಚು. ನೆಗಡಿಯಿಂದ ಸಾಯದ ಬೆಕ್ಕು ಉಪವಾಸದಿಂದ ಸಾಯಬಹುದು. ಇದಕ್ಕೇ ನಾವು ಸೀನು ಎಣಿಸಬೇಡಿ, ತಟ್ಟೆ ನೋಡಿ ಎಂದದ್ದು.

ಮನೆಯಲ್ಲಿ ಮಾಡಬಹುದಾದ ಆರೈಕೆಯೂ ಮೂಗು ತೆರೆಯುವುದು, ಉಣ್ಣಿಸುವುದು ಎಂಬ ಎರಡೇ ಮಾತಿನಲ್ಲಿದೆ. ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಹತ್ತಿಯಿಂದ ಮೂಗು, ಕಣ್ಣನ್ನು ದಿನಕ್ಕೆ ಮೂರು ನಾಲ್ಕು ಸಲ ಮೆತ್ತಗೆ ಒರೆಸಿ. ಕಣ್ಣಿಗೊಂದು, ಮೂಗಿಗೊಂದು ಹೊಸ ಹತ್ತಿ ಇರಲಿ. ಸ್ನಾನದ ಕೋಣೆಯ ಬಾಗಿಲು ಮುಚ್ಚಿ, ಬಿಸಿನೀರಿನ ಷವರ್ ಬಿಟ್ಟು, ಬೆಕ್ಕಿನ ಜೊತೆ ಹತ್ತು ಹದಿನೈದು ನಿಮಿಷ ಕುಳಿತುಕೊಳ್ಳಿ. ಆವಿಗೆ ಸಿಂಬಳ ಸಡಿಲವಾಗುತ್ತದೆ. ಆ ಆವಿಗೆ ಏನನ್ನೂ ಬೆರೆಸಬೇಡಿ. ಕುದಿಯುವ ನೀರಿನ ಪಾತ್ರೆಯನ್ನು ಹತ್ತಿರ ಇಡಲೇಬೇಡಿ, ಬೆಕ್ಕು ಬೆದರಿ ಉರುಳಿಸಿದರೆ ಇಬ್ಬರಿಗೂ ಸುಟ್ಟೀತು. ಆಮೇಲೆ ಟ್ಯೂನ, ಸಾರ್ಡಿನ್ ಮೀನಿನಂಥ ಘಮ್ಮೆನ್ನುವ ಮೆತ್ತನೆಯ ಆಹಾರವನ್ನು ಸ್ವಲ್ಪ ಬೆಚ್ಚಗೆ ಮಾಡಿ, ಒಂದೊಂದು ಚಮಚೆಯಂತೆ ಇಟ್ಟು ನೋಡಿ. ಸಸ್ಯಾಹಾರಿ ಮನೆಯವರೂ ಈ ನಾಲ್ಕು ದಿನ ಮೂಗು ಮುಚ್ಚಿಕೊಂಡಾದರೂ ಡಬ್ಬಿ ತೆರೆಯಬೇಕು, ಬೆಕ್ಕಿಗೆ ಅದರ ಮೂಗು ತೆರೆಯಬೇಕಲ್ಲವೇ! ಬಿಸಿ ಹಾಲು ಬೇಡ. ಬೆಳೆದ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲು ಅರಗದೆ ಭೇದಿಯಾಗುತ್ತದೆ.

ಸೂಟ್‌ಕೇಸಿನ ಔಷಧಾಲಯ

ಈಗ ಮೂರನೆಯವರ ವಿಷಯಕ್ಕೆ ಬರೋಣ. ಊರಿಗೆ ಹೋಗಿ ಬರುವ ನಮ್ಮೆಲ್ಲರ ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿ, ಚಟ್ನಿಪುಡಿಯ ಪಕ್ಕದಲ್ಲಿ ಒಂದು ಪುಟ್ಟ ಔಷಧಾಲಯ ಇರುತ್ತದೆ. ಕ್ರೋಸಿನ್, ಡೋಲೊ, ವಿಕ್ಸ್, ಅಮೃತಾಂಜನ, ನೀಲಗಿರಿ ಎಣ್ಣೆ. ಇಲ್ಲಿ ಡಾಕ್ಟರರ ಸಮಯ ಸಿಗಲು ವಾರ ಕಾಯಬೇಕಾದಾಗ ಇವು ನಮ್ಮನ್ನು ಕಾಪಾಡುತ್ತವೆ, ನಿಜ. ಆದರೆ ಬೆಕ್ಕಿನ ಮಟ್ಟಿಗೆ ಈ ಡಬ್ಬಿಯಲ್ಲಿರುವುದು ವಿಷ.

ಕ್ರೋಸಿನ್, ಡೋಲೊ ಎರಡರಲ್ಲೂ ಇರುವುದು ಪ್ಯಾರಾಸಿಟಮಾಲ್. ಮನುಷ್ಯರ ಪಿತ್ತಜನಕಾಂಗ ಇದನ್ನು ಒಂದು ಕಿಣ್ವದ ಸಹಾಯದಿಂದ ನಿರುಪದ್ರವಿಯಾಗಿ ಮಾಡಿ ಹೊರಹಾಕುತ್ತದೆ. ಬೆಕ್ಕಿನಲ್ಲಿ ಆ ಕಿಣ್ವದ ಕೆಲಸ ಅತ್ಯಲ್ಪ. ಹೀಗಾಗಿ ಔಷಧ ಮೈಯಲ್ಲೇ ವಿಷವಾಗಿ ಮಾರ್ಪಟ್ಟು ಕೆಂಪು ರಕ್ತಕಣಗಳನ್ನು ಹಾಳುಮಾಡುತ್ತದೆ. ರಕ್ತ ಆಮ್ಲಜನಕ ಹೊರಲಾರದು. ಕೆಲವೇ ಗಂಟೆಗಳಲ್ಲಿ ಒಸಡು ಕಂದು ಅಥವಾ ನೀಲಿಯಾಗುತ್ತದೆ, ಮುಖ, ಪಂಜ ಊದಿಕೊಳ್ಳುತ್ತವೆ, ಬೆಕ್ಕು ಏದುಸಿರು ಬಿಡುತ್ತದೆ. 4 ಕಿಲೋ ತೂಗುವ ಬೆಕ್ಕಿಗೆ 500 ಮಿಲಿಗ್ರಾಮಿನ ಒಂದೇ ಮಾತ್ರೆ ಪ್ರಾಣ ತೆಗೆಯಲು ಸಾಕು. ಕಾಲು ಮಾತ್ರೆಯೂ ವಿಷವೇ. "ಮಗುವಿಗೆ ಕೊಡುವ ಸಿರಪ್ ತಾನೇ, ಎರಡು ಹನಿ" ಎಂಬ ಲೆಕ್ಕಾಚಾರಕ್ಕೆ ಇಲ್ಲಿ ಜಾಗವಿಲ್ಲ. ತಪ್ಪಿ ಹೊಟ್ಟೆಗೆ ಹೋಗಿದ್ದರೆ ಲಕ್ಷಣ ಕಾಯದೆ, ಮಾತ್ರೆಯ ಪಟ್ಟಿಯನ್ನೂ ಹಿಡಿದುಕೊಂಡು ಕೂಡಲೇ ಹೊರಡಬೇಕು. ಇದಕ್ಕೆ ಪ್ರತಿವಿಷವಾಗಿ ಕೊಡುವ ಔಷಧವಿದೆ, ಬೇಗ ಸಿಕ್ಕರೆ ಬೆಕ್ಕು ಉಳಿಯಬಹುದು. ಐಬುಪ್ರೊಫೆನ್ ಕೂಡ ಬೆಕ್ಕಿಗೆ ನಿಷಿದ್ಧ.

ವಿಕ್ಸ್, ಅಮೃತಾಂಜನಗಳ ಕರ್ಪೂರ, ಪುದೀನದ ಸತ್ವ, ನೀಲಗಿರಿ ಎಣ್ಣೆ ಕೂಡ ಹೀಗೆಯೇ. ಎದೆಗೆ ಹಚ್ಚಿದರೆ ಬೆಕ್ಕು ನೆಕ್ಕಿ ನುಂಗುತ್ತದೆ. ಜರ್ಮನರ ಮನೆಯ ಟೀ ಟ್ರೀ ಎಣ್ಣೆಗೂ ಇದೇ ಮಾತು ಸಲ್ಲುತ್ತದೆ.

ಮೂಗಿನ ಹನಿಗಳ ವಿಷಯದಲ್ಲಿ ನಮ್ಮ ಊರಿಗೇ ಒಂದು ಪಾತ್ರವಿದೆ. ಕಟ್ಟಿದ ಮೂಗನ್ನು ನಿಮಿಷಗಳಲ್ಲಿ ತೆರೆಯುವ ಆಕ್ಸಿಮೆಟಾಜೋಲಿನ್ ಎಂಬ ಔಷಧ 1961ರಲ್ಲಿ ಇದೇ ಡಾರ್ಮ್‌ಸ್ಟಾಟ್‌ನ ಮೆರ್ಕ್ ಕಂಪನಿಯಲ್ಲಿ ರೂಪುಗೊಂಡಿತು. 1668ರಲ್ಲಿ ಒಂದು ಔಷಧದ ಅಂಗಡಿಯಾಗಿ ಆರಂಭವಾದ ಕಂಪನಿ ಅದು. ಮನುಷ್ಯರಿಗೆ ಅದು ವರದಾನ. ಆದರೆ ವಯಸ್ಕರ ಹನಿಗಳನ್ನು ಬೆಕ್ಕಿನ ಪುಟ್ಟ ಮೈಗೆ ಬಿಟ್ಟರೆ ಹೃದಯದ ಬಡಿತ ನಿಧಾನವಾಗಿ, ವಾಂತಿಯಾಗಿ, ಬೆಕ್ಕು ಕುಸಿಯಬಹುದು. ಊರಿನ ಹೆಮ್ಮೆ ಊರಿನವರಿಗೇ ಇರಲಿ, ಬೆಕ್ಕಿಗೆ ಬೇಡ.

ಉಳಿದುಹೋದ ಆಂಟಿಬಯಾಟಿಕ್ ಮಾತ್ರೆಗಳೂ ಬೇಡ. ಅವು ವೈರಸ್ಸನ್ನು ಕೊಲ್ಲುವುದಿಲ್ಲ. ಚೆನ್ನಾಗಿ ಉಣ್ಣುತ್ತಿರುವ, ಜ್ವರವಿಲ್ಲದ, ಲವಲವಿಕೆಯ ಬೆಕ್ಕಿಗೆ ಹತ್ತು ದಿನದವರೆಗೆ ಆಂಟಿಬಯಾಟಿಕ್ ಕೊಡದೆ ಕಾದು ನೋಡಬಹುದೆಂದು ತಜ್ಞರ ಅಂತರರಾಷ್ಟ್ರೀಯ ಸಮಿತಿಯೊಂದು 2017ರಲ್ಲಿ ಸಲಹೆ ಕೊಟ್ಟಿದೆ. ವೈದ್ಯರು ಡಾಕ್ಸಿಸೈಕ್ಲಿನ್ ಮಾತ್ರೆ ಬರೆದುಕೊಟ್ಟರೆ, ನುಂಗಿಸಿದ ಮೇಲೆ ಸ್ವಲ್ಪ ನೀರು ಅಥವಾ ಆಹಾರ ಕೊಡಲೇಬೇಕು. ಒಣ ಮಾತ್ರೆ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅಲ್ಲೇ ಗಾಯವಾಗುತ್ತದೆ. ಹರ್ಪಿಸ್ ಬೆಕ್ಕುಗಳಿಗೆಂದು ಅಂಗಡಿಗಳಲ್ಲಿ ಮಾರುವ ಲೈಸಿನ್ ಪುಡಿಯಿಂದ ಪ್ರಯೋಜನವಿಲ್ಲವೆಂದು 2015ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ತೀರ್ಮಾನಿಸಿತು. ಆ ಹಣಕ್ಕೆ ಒಳ್ಳೆಯ ಮೀನಿನ ಡಬ್ಬಿ ಬರುತ್ತದೆ.

ವೈದ್ಯರ ಬಳಿಗೆ ಯಾವಾಗ?

ಕೂಡಲೇ, ರಾತ್ರಿಯಾದರೂ ಸರಿ:
1. ಬಾಯಿ ತೆರೆದು ಉಸಿರಾಡುತ್ತಿದ್ದರೆ, ಅಥವಾ ಮಲಗಿದ್ದಾಗಲೂ ನಿಮಿಷಕ್ಕೆ 40ಕ್ಕಿಂತ ಹೆಚ್ಚು ಸಲ ಉಸಿರಾಡುತ್ತಿದ್ದರೆ. ಆರೋಗ್ಯವಂತ ಬೆಕ್ಕು ನಿದ್ದೆಯಲ್ಲಿ 30ಕ್ಕಿಂತ ಕಡಿಮೆ ಸಲ ಉಸಿರಾಡುತ್ತದೆ.
2. ಒಸಡು, ನಾಲಿಗೆ ನೀಲಿ, ಬೂದು ಅಥವಾ ಕಂದು ಬಣ್ಣಕ್ಕೆ ತಿರುಗಿದ್ದರೆ.
3. ಮೂಗಿನ ರಕ್ತ ನಿಲ್ಲದಿದ್ದರೆ.
4. ಮನುಷ್ಯರ ಔಷಧ ಹೊಟ್ಟೆಗೆ ಹೋಗಿದ್ದರೆ.
5. ಮರಿ ಅರ್ಧ ದಿನದಿಂದ ಏನೂ ತಿನ್ನದೆ ಮುದುಡಿ ಮಲಗಿದ್ದರೆ.

ಅದೇ ದಿನ ಅಥವಾ ಮರುದಿನ ಬೆಳಿಗ್ಗೆ:
1. ದೊಡ್ಡ ಬೆಕ್ಕು 24 ಗಂಟೆ ಏನೂ ತಿನ್ನದಿದ್ದರೆ.
2. ಕಣ್ಣನ್ನು ಮುಚ್ಚಿಯೇ ಇದ್ದರೆ ಅಥವಾ ಕಣ್ಣಿನ ಮೇಲೆ ಮಸುಕು ಕಂಡರೆ. ಕಣ್ಣಿನ ಹುಣ್ಣು ಕಾಯುವುದಿಲ್ಲ.
3. ಸಿಂಬಳ ಹಳದಿ, ಹಸಿರಾಗಿದ್ದರೆ, ಜೊಲ್ಲು ಸುರಿಯುತ್ತಿದ್ದರೆ, ಬೆಕ್ಕು ಮಂಕಾಗಿದ್ದರೆ.
4. ಒಂದೇ ಹೊಳ್ಳೆ ಸೋರುತ್ತಿದ್ದರೆ, ಅಥವಾ ಇದ್ದಕ್ಕಿದ್ದಂತೆ ಬಿಡದ ಸೀನು ಬಂದರೆ.

ಮಾಮೂಲು ಸಮಯ ಗೊತ್ತುಮಾಡಿಕೊಂಡು: ಊಟ, ಆಟ ಚೆನ್ನಾಗಿದ್ದರೂ ಸೀನು ಹತ್ತು ದಿನ ದಾಟಿದರೆ, ಹೋಗಿ ಹೋಗಿ ಮರುಕಳಿಸಿದರೆ, ಅಥವಾ ವಯಸ್ಸಾದ ಬೆಕ್ಕಿಗೆ ಜೀವಮಾನದಲ್ಲಿ ಮೊದಲ ಬಾರಿ ಬಂದಿದ್ದರೆ.

ಖರ್ಚಿನ ಮಾತನ್ನೂ ಮುಚ್ಚಿಡದೆ ಆಡೋಣ, ಏಕೆಂದರೆ ತಡಮಾಡುವುದಕ್ಕೆ ಬಹಳ ಸಲ ಅದೇ ಕಾರಣ. ಜರ್ಮನಿಯಲ್ಲಿ ಪಶುವೈದ್ಯರ ಶುಲ್ಕ ಸರಕಾರದ ಪಟ್ಟಿಯ ಪ್ರಕಾರ ನಡೆಯುತ್ತದೆ. 2022ರ ನವೆಂಬರ್ 22ರಂದು ಜಾರಿಗೆ ಬಂದ ಪಟ್ಟಿಯಲ್ಲಿ ಬೆಕ್ಕಿನ ಸಾಮಾನ್ಯ ಪರೀಕ್ಷೆ ಮತ್ತು ಸಲಹೆಗೆ ಮೂಲದರ 23.62 ಯೂರೊ, ಮೇಲೆ 19 ಶೇಕಡ ತೆರಿಗೆ. ವೈದ್ಯರು ಕಷ್ಟಕ್ಕೆ ತಕ್ಕಂತೆ ಇದರ ಮೂರು ಪಟ್ಟಿನವರೆಗೆ ವಿಧಿಸಬಹುದು. ರಾತ್ರಿ, ವಾರಾಂತ್ಯ, ರಜಾದಿನದ ತುರ್ತು ಸೇವೆಯಲ್ಲಿ 50 ಯೂರೊ ಪ್ರತ್ಯೇಕ ಶುಲ್ಕ, ಮತ್ತು ದರ ಎರಡರಿಂದ ನಾಲ್ಕು ಪಟ್ಟು. ವಾರಾಂತ್ಯವೆಂದರೆ ಶುಕ್ರವಾರ ಸಂಜೆ ಆರಕ್ಕೇ ಶುರು. ಗುರುವಾರ ಊಟ ಬಿಟ್ಟ ಬೆಕ್ಕನ್ನು ಶುಕ್ರವಾರ ಬೆಳಿಗ್ಗೆಯೇ ತೋರಿಸಿದರೆ ಬೆಕ್ಕಿಗೂ ಒಳ್ಳೆಯದು, ಜೇಬಿಗೂ ಒಳ್ಳೆಯದು. ಮೂಗಿನೊಳಕ್ಕೆ ಕೊಳವೆ ಬಿಟ್ಟು ನೋಡುವುದು, ಸ್ಕ್ಯಾನ್ ಮುಂತಾದ ದೊಡ್ಡ ಪರೀಕ್ಷೆ ಬೇಕಾದರೆ ಗೀಸನ್ ವಿಶ್ವವಿದ್ಯಾಲಯದ ಪಶುವೈದ್ಯ ಆಸ್ಪತ್ರೆ ಹೆಸ್ಸನ್ ರಾಜ್ಯದೊಳಗೇ ಇದೆ. ಜರ್ಮನಿಯ ಐದು ಪಶುವೈದ್ಯ ಶಿಕ್ಷಣ ಕೇಂದ್ರಗಳಲ್ಲಿ ಅದೂ ಒಂದು.

ಹೊಸದಾಗಿ ಬಂದು ಜರ್ಮನ್ ಕಲಿಯುತ್ತಿರುವ ನಮ್ಮ ಸೋದರಿಯರು, ಸೋದರರು ಫೋನ್ ಮಾಡಲು ಅಂಜಬೇಕಾಗಿಲ್ಲ. "ಮೈನೆ ಕಾಟ್ಸೆ ನೀಸ್ಟ್ ಉಂಟ್ ಫ್ರಿಸ್ಟ್ ನಿಷ್ಟ್", ಅಂದರೆ ನನ್ನ ಬೆಕ್ಕು ಸೀನುತ್ತಿದೆ, ತಿನ್ನುತ್ತಿಲ್ಲ. ಈ ಒಂದು ವಾಕ್ಯ ಸಾಕು, ಅತ್ತಲಿನವರು ತಾವೇ ಮುಂದಿನ ಪ್ರಶ್ನೆ ಕೇಳುತ್ತಾರೆ. ತುರ್ತು ಸೇವೆಗೆ "ನೋಟ್‌ಡೀನ್ಸ್ಟ್" ಎಂಬ ಪದ ನೆನಪಿರಲಿ. ಕನ್ನಡದಲ್ಲಿ ನಾವು ಮನುಷ್ಯರು ಉಣ್ಣುತ್ತಾರೆ, ದನ ಮೇಯುತ್ತದೆ ಎನ್ನುವಂತೆ ಜರ್ಮನ್ನಿನಲ್ಲೂ ಮನುಷ್ಯರ ಊಟಕ್ಕೆ ಒಂದು ಪದ, ಪ್ರಾಣಿಗಳದಕ್ಕೆ ಇನ್ನೊಂದು. "ಫ್ರಿಸ್ಟ್" ಪ್ರಾಣಿಗಳಿಗೆ ಮಾತ್ರ. ಅತಿಥಿಗಳ ಎದುರು ಬಳಸದಂತೆ ಎಚ್ಚರ!

ನಾವು ಊರಿಗೆ ಹೋದಾಗ

ಕೊನೆಯದಾಗಿ, ನಮ್ಮ ಕುಟುಂಬಗಳಿಗೆ ವಿಶೇಷವಾಗಿ ಅನ್ವಯಿಸುವ ವಿಷಯ. ಹರ್ಪಿಸ್ ವೈರಸ್ ಒಮ್ಮೆ ಬಂದರೆ ಹೋಗುವುದಿಲ್ಲ. ನೆಗಡಿ ವಾಸಿಯಾದ ಮೇಲೂ ಮುಖದ ನರದ ಗಂಟಿನಲ್ಲಿ ಅದು ಅಡಗಿ ಕುಳಿತಿರುತ್ತದೆ. ಸೋಂಕು ತಗುಲಿದ ಬೆಕ್ಕುಗಳಲ್ಲಿ ಬಹುಪಾಲು ಹೀಗೆ ಜೀವಮಾನವಿಡೀ ಅದನ್ನು ಹೊತ್ತಿರುತ್ತವೆ. ಬೆಕ್ಕಿನ ಮನಸ್ಸಿಗೆ ಕ್ಷೋಭೆಯಾದಾಗ ಅದು ಮತ್ತೆ ಎದ್ದು ಬರುತ್ತದೆ, ಕೂಡಲೇ ಅಲ್ಲ, ಸುಮಾರು ವಾರದ ನಂತರ.

ಹೆಸ್ಸನ್ ಶಾಲೆಗಳಿಗೆ ಬೇಸಿಗೆಯಲ್ಲಿ ಆರು ವಾರ ರಜೆ. ನಾವು ಊರಿಗೆ ಹೊರಡುತ್ತೇವೆ. ಬೆಕ್ಕನ್ನು ಕರೆದೊಯ್ಯುವುದು ಸುಲಭವಲ್ಲ. ಭಾರತದಿಂದ ಮರಳಿ ತರಲು ರೇಬೀಸ್ ಲಸಿಕೆಯ ಮೇಲೆ ರಕ್ತ ಪರೀಕ್ಷೆಯ ದಾಖಲೆಯೂ ಬೇಕು. ಹೀಗಾಗಿ ಬೆಕ್ಕು ಬಾಡಿಗೆಯ ಬೆಕ್ಕಿನ ವಸತಿಯಲ್ಲೋ ಪಕ್ಕದ ಮನೆಯವರ ಕೈಯಲ್ಲೋ ಉಳಿಯುತ್ತದೆ. ಅದರ ದೃಷ್ಟಿಯಿಂದ ನೋಡಿ: ಮನೆ ಬದಲಾಯಿತು, ಜನ ಮಾಯವಾದರು. ನಾವು ಮೈಸೂರಿನಲ್ಲಿಯೋ ಮಂಗಳೂರಿನಲ್ಲಿಯೋ ಮದುವೆಯೂಟ ಉಣ್ಣುತ್ತಿರುವಾಗ, ಎರಡನೆಯ ವಾರದಲ್ಲಿ, ಇಲ್ಲಿ ಸೀನು ಶುರುವಾಗುತ್ತದೆ. ನೋಡಿಕೊಳ್ಳುತ್ತಿರುವವರಿಗೆ ಅದರ ಹಿಂದಿನ ಕಥೆ ಗೊತ್ತಿಲ್ಲ, ವೈದ್ಯರ ಹೆಸರು ಗೊತ್ತಿಲ್ಲ, ಖರ್ಚಿಗೆ ಒಪ್ಪಿಗೆ ಇದೆಯೇ ಎಂಬುದೂ ಗೊತ್ತಿಲ್ಲ. ಸಂಕೋಚದಿಂದ ಒಂದು ದಿನ ಕಾಯುತ್ತಾರೆ, ಎರಡು ದಿನ ಕಾಯುತ್ತಾರೆ. ತಟ್ಟೆ ತುಂಬಿಯೇ ಇರುತ್ತದೆ.

ಆದ್ದರಿಂದ ಹೊರಡುವ ಮುನ್ನ ಮೂರು ಕೆಲಸ. ಒಂದು, ಲಸಿಕೆ. ಇಲ್ಲಿನ ಲಸಿಕಾ ಆಯೋಗದ ಸಲಹೆಯಂತೆ ಮರಿಗೆ 8, 12, 16 ವಾರಗಳಲ್ಲಿ, ಮತ್ತೆ 15 ತಿಂಗಳಿಗೆ ನೆಗಡಿಯ ಲಸಿಕೆ ಹಾಕಿಸಬೇಕು. ಆಮೇಲಿನ ಅವಧಿಯನ್ನು ವೈದ್ಯರು ಹೇಳುತ್ತಾರೆ. ಮನೆಯೊಳಗೇ ಇರುವ ಬೆಕ್ಕಿಗೂ ಬೇಕು. ವೈರಸ್ ನಮ್ಮ ಬಟ್ಟೆ, ಕೈಗಳ ಮೇಲೆ ಬರುತ್ತದೆ. ಲಸಿಕೆ ಸೋಂಕನ್ನು ಪೂರ್ತಿ ತಡೆಯದು, ಆದರೆ ಕಾಯಿಲೆ ಉಗ್ರವಾಗದಂತೆ ಕಾಯುತ್ತದೆ. ವಿಮಾನದ ಹಿಂದಿನ ದಿನವಲ್ಲ, ಕೆಲವು ವಾರ ಮೊದಲೇ ಹಾಕಿಸಿ. ಎರಡು, ಸಾಧ್ಯವಿದ್ದರೆ ಬೆಕ್ಕನ್ನು ಅದರ ಮನೆಯಲ್ಲೇ ಬಿಟ್ಟು, ನೋಡಿಕೊಳ್ಳುವವರು ಬಂದು ಹೋಗುವಂತೆ ಮಾಡಿ. ಹೋಗುವ ಮುನ್ನ ನೀವು ಉಟ್ಟ ಒಂದು ಹಳೆಯ ಬಟ್ಟೆಯನ್ನು ಅದರ ಹಾಸಿಗೆಯಲ್ಲಿಡಿ. ಮೂರು, ಒಂದು ಚೀಟಿ ಬರೆದಿಡಿ. ಸಂಘದ ಸದಸ್ಯರೊಬ್ಬರು ನೋಡಿಕೊಳ್ಳುವುದಾದರೆ ಕನ್ನಡದಲ್ಲಿ, ಪಕ್ಕದ ಮನೆಯ ಜರ್ಮನ್ ಅಜ್ಜಿಯಾದರೆ ಜರ್ಮನ್ನಿನಲ್ಲಿ. ಅದರಲ್ಲಿ ಇಷ್ಟಿರಲಿ: ಬೆಕ್ಕಿನ ಹೆಸರು, ವಯಸ್ಸು, ತೂಕ, ದಿನಕ್ಕೆ ಎಷ್ಟು ತಿನ್ನುತ್ತದೆ, ಮೊದಲು ನೆಗಡಿಯಾಗಿತ್ತೇ, ಲಸಿಕೆಯ ಪುಸ್ತಕ ಎಲ್ಲಿದೆ, ವೈದ್ಯರ ಮತ್ತು ತುರ್ತು ಸೇವೆಯ ಫೋನ್ ಸಂಖ್ಯೆ, ಮತ್ತು ಈ ವಾಕ್ಯ: "ಒಂದು ದಿನ ಊಟ ಬಿಟ್ಟರೆ ನಮ್ಮನ್ನು ಕೇಳಲು ಕಾಯಬೇಡಿ, ವೈದ್ಯರ ಬಳಿಗೆ ಒಯ್ಯಿರಿ, ಖರ್ಚು ನಮ್ಮದು."

ಭಾರತದಲ್ಲಿ ಮಧ್ಯರಾತ್ರಿಯಾಗಿರುವಾಗ ಫೋನ್ ಮಾಡಲು ಹಿಂಜರಿಯುವ ಒಳ್ಳೆಯ ನೆರೆಯವರಿಗೆ ಆ ವಾಕ್ಯವೇ ಧೈರ್ಯ ಕೊಡುತ್ತದೆ. ಬೆಕ್ಕಿರುವ ಮನೆಯವರು ಈ ಹಾಳೆಯನ್ನು ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಳ್ಳಬಹುದು. ಬೆಕ್ಕಿಲ್ಲದ ಮನೆಯವರು ಈ ರಜೆಯಲ್ಲಿ ಒಂದು ಬೆಕ್ಕನ್ನು ನೋಡಿಕೊಳ್ಳಲು ಒಪ್ಪಿಕೊಂಡರೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ. ಅಂಥವರ ಕೈಗೆ ಮೊದಲು ಈ ಹಾಳೆ, ಆಮೇಲೆ ಮನೆಯ ಬೀಗದ ಕೈ ಕೊಡಿ.